ಸೈಕಲ್ ಗಾಲಿಯಿಂದ ಹೊಲದ ದೂರ ಅಳೆಯುವುದು ಹೇಗೆ?

"ಬೋರಿಂದ ತೋಟಕ್ಕೆ ಎಷ್ಟು ಪೈಪು ಬೇಕಾಗ್ತವೆ ಅಣ್ಣ?"

ಪೈಪ್ ಅಂಗಡಿಯಲ್ಲಿ ಕೂತ ನನಗೆ ದಿನಾ ಬರುವ ಪ್ರಶ್ನೆ ಇದು. ಚನ್ನಗಿರಿ ಕಡೆಯಿಂದ ಬಂದವರೂ ಇದನ್ನೇ ಕೇಳುತ್ತಾರೆ, ಹೊಳಲ್ಕೆರೆ ಕಡೆಯವರೂ ಇದನ್ನೇ. "ದೂರ ಎಷ್ಟೈತ್ರಿ?" ಅಂದರೆ, "ಒಂದಿನ್ನೂರು ಹೆಜ್ಜೆ ಇರಬೋದು ನೋಡ್ರಿ" ಅನ್ನುತ್ತಾರೆ. ಹೆಜ್ಜೆ ಒಬ್ಬೊಬ್ಬರದು ಒಂದೊಂದು ತರ. ಬೆಳಿಗ್ಗೆ ಹಾಕಿದ ಹೆಜ್ಜೆ ಮಧ್ಯಾಹ್ನದ ಬಿಸಿಲಲ್ಲಿ ಗಿಡ್ಡ ಆಗುತ್ತದೆ. ಆ ಲೆಕ್ಕ ನಂಬಿ ದಾವಣಗೆರೆಯಿಂದ ಪೈಪು ತುಂಬಿಕೊಂಡು ಹೋಗಿ ಎರಡು ಕಮ್ಮಿ ಬಿದ್ದರೆ ಮತ್ತೆ ಗಾಡಿ ಬಾಡಿಗೆ ಕೊಡಬೇಕು. ಜಾಸ್ತಿ ಆದರೆ ಬೇಲಿ ಪಕ್ಕ ಬಿಸಿಲಿಗೆ ಬಿದ್ದು ಪೆಡಸಾಗುತ್ತವೆ.

ಉದ್ದದ ಟೇಪು ಎಲ್ಲರ ಮನೆಯಲ್ಲೂ ಇರುವುದಿಲ್ಲ. ಸೈಕಲ್ ಇರುತ್ತದೆ. ಗಾಲಿ ಒಂದು ಸುತ್ತು ಉರುಳಿದರೆ ನೆಲದ ಮೇಲೆ ಎಷ್ಟು ದೂರ ಹೋಗುತ್ತದೆ ಅಂತ ಒಮ್ಮೆ ಗೊತ್ತುಮಾಡಿಕೊಂಡರೆ ಸಾಕು. ಆಮೇಲೆ ಸುತ್ತು ಎಣಿಸುವುದಷ್ಟೇ ಕೆಲಸ. ಬ್ರಿಟಿಷರ ಕಾಲದ ಸರ್ವೆಯವರು ದಾರಿ ಅಳೆದದ್ದು ಹೀಗೇ. ಹಿಡಿ ಇರುವ ಒಂಟಿ ಗಾಲಿಯನ್ನು ತಳ್ಳಿಕೊಂಡು ಊರಿಂದ ಊರಿಗೆ ಹೋಗುತ್ತಿದ್ದರು. ರಸ್ತೆ ಕೆಲಸದವರ ಕೈಯಲ್ಲಿ ಅಂಥ ಗಾಲಿಯನ್ನು ನೀವು ಈಗಲೂ ನೋಡಿರಬಹುದು.

ಮೊದಲು ಎರಡು ಮಾತು ತಿಳಿದಿರಲಿ

ಗಾಲಿಯ ಹೊರ ಅಂಚಿನ ಸುತ್ತ ಒಂದು ದಾರ ಸುತ್ತಿ, ಕತ್ತರಿಸಿ, ನೆಲದ ಮೇಲೆ ನೆಟ್ಟಗೆ ಹಾಸಿ. ಆ ದಾರದ ಉದ್ದವೇ ಸುತ್ತಳತೆ. ಶಾಲೆಯ ಪುಸ್ತಕದಲ್ಲಿ ಇದನ್ನು ಪರಿಧಿ ಅನ್ನುತ್ತಾರೆ. ಗಾಲಿ ಜಾರದೆ ಒಂದು ಸುತ್ತು ಉರುಳಿದರೆ ಸರಿಯಾಗಿ ಅಷ್ಟೇ ದೂರ ಹೋಗುತ್ತದೆ. ಟಯರಿನ ಪ್ರತಿ ಭಾಗವೂ ಒಂದೊಂದು ಸಲ ನೆಲ ಮುಟ್ಟಿ ಎದ್ದಿರುತ್ತದೆ, ಅಷ್ಟೇ.

ಗಾಲಿಯ ಒಂದು ಅಂಚಿನಿಂದ ನಡು ಹಾದು ಎದುರಿನ ಅಂಚಿನವರೆಗಿನ ಅಳತೆ ವ್ಯಾಸ. ಅದರ ಅರ್ಧ, ಅಂದರೆ ನಡುವಿನಿಂದ ಅಂಚಿಗೆ, ತ್ರಿಜ್ಯ. ಬಳೆ ಇರಲಿ, ಬಾವಿ ಇರಲಿ, ಸುತ್ತಳತೆ ಯಾವಾಗಲೂ ವ್ಯಾಸದ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಆ 'ಮೂರು ಮತ್ತು ಸ್ವಲ್ಪ'ಕ್ಕೆ ಪೈ ಅಂತ ಹೆಸರು. ಕೈಲೆಕ್ಕಕ್ಕೆ 22/7 ಅಥವಾ 3.14 ಹಿಡಿಯುತ್ತೇವೆ. ಆರ್ಯಭಟ 499ರ ಹೊತ್ತಿಗೇ 3.1416 ಬರುವ ಲೆಕ್ಕ ಕೊಟ್ಟಿದ್ದ.

22/7 ಹಿಡಿಯಬೇಕಾ, 3.14 ಹಿಡಿಯಬೇಕಾ ಅಂತ ಮಕ್ಕಳು ಕೇಳುತ್ತಾರೆ. ಹೊಲದ ಕೆಲಸಕ್ಕೆ ಯಾವುದಾದರೂ ಆಗುತ್ತದೆ. ದೊಡ್ಡ ಸೈಕಲ್ ಗಾಲಿಯಲ್ಲಿ ಇವೆರಡರ ನಡುವಿನ ವ್ಯತ್ಯಾಸ ಒಂದು ಸುತ್ತಿಗೆ 2 ಮಿಲಿಮೀಟರು. ಇಡೀ ಒಂದು ಕಿಲೋಮೀಟರು ಹೋದರೂ ಒಂದು ಮೀಟರ್ ಕೂಡ ಆಗುವುದಿಲ್ಲ. ಟಯರಿನ ಗಾಳಿ ಇಳಿದಿದ್ದರೆ ಅದಕ್ಕಿಂತ ಜಾಸ್ತಿ ತಪ್ಪು ಬರುತ್ತದೆ. ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಗಾಲಿಯ ಬಗ್ಗೆ.

ಬೇಕಾದ ಸಾಮಾನು

ಒಂದು ಸೈಕಲ್. ಒಂದು ಗಂಟೆಗೆ ಮಾತ್ರ 30 ಮೀಟರ್ ಟೇಪು. ಗಾರೆ ಮೇಸ್ತ್ರಿಗಳ ಹತ್ತಿರ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಸೀಮೆಸುಣ್ಣ, ಬಣ್ಣದ ಬಟ್ಟೆ ಚೂರು, ಒಂದು ಹಿಡಿ ಹುಣಸೆ ಬೀಜ, ಕಾಗದ, ಪೆನ್ನು. ಜೊತೆಗೆ ಎಣಿಸಲು ಇನ್ನೊಬ್ಬರು ಇದ್ದರೆ ಕೆಲಸ ಸಲೀಸು.

ಹಂತ 1: ಗಾಲಿ ಸಿದ್ಧ ಮಾಡಿ

ಮುಂದಿನ ಗಾಲಿಯನ್ನೇ ಬಳಸಿ. ಪೆಡಲ್ ತುಳಿದಾಗ ಎಳೆಯುವುದು ಹಿಂದಿನ ಗಾಲಿ. ಸಡಿಲ ಮಣ್ಣಿನಲ್ಲಿ ಅದು ನಿಂತಲ್ಲೇ ಸ್ವಲ್ಪ ತಿರುಗಿಬಿಡುತ್ತದೆ. ಮುಂದಿನದು ಸುಮ್ನೆ ಉರುಳಿಕೊಂಡು ಬರುತ್ತದೆ, ಅದಕ್ಕೇ ಅದು ನಂಬಿಕಸ್ತ.

ಗಾಳಿ ಗಟ್ಟಿಯಾಗಿ ತುಂಬಿಸಿ. ಟಯರಿಗೆ ಅಂಟಿದ ಮಣ್ಣು ಕೆರೆದು ತೆಗೆಯಿರಿ. ಗಾಳಿ ಹಾಕುವ ವಾಲ್ ಇದೆಯಲ್ಲ, ಅದರ ಪಕ್ಕದ ಕಡ್ಡಿಗೆ ಬಣ್ಣದ ಬಟ್ಟೆ ಕಟ್ಟಿ. ವಾಲ್ ಕೆಳಗೆ ಬಂದಾಗ ಒಂದು ಸುತ್ತು ಅಂತ ದೂರದಿಂದಲೂ ಕಾಣಬೇಕು. ಅದರ ನೇರಕ್ಕೆ ಟಯರಿನ ಮೇಲೂ ಸೀಮೆಸುಣ್ಣದ ಗೆರೆ ಎಳೆಯಿರಿ.

ಈಗ ಕಡ್ಡಿಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿ. 32 ಇರಬಹುದು, 36 ಇರಬಹುದು. ಕಡ್ಡಿಗಳು ನಡುವಿನಲ್ಲಿ ಒಂದರ ಮೇಲೊಂದು ಹಾದುಹೋಗಿರುತ್ತವೆ, ಅಲ್ಲಿ ಎಣಿಸಿದರೆ ಗೊಂದಲ. ರಿಮ್ಮಿಗೆ ಸೇರುವ ಕಡೆ ಎಣಿಸಿ. ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಹಂತ 2: ಒಂದು ಸುತ್ತಿನ ದೂರ ಗೊತ್ತುಮಾಡಿಕೊಳ್ಳಿ

ಇಡೀ ಕೆಲಸದ ಜೀವ ಇದರಲ್ಲಿದೆ. ಅವಸರ ಬೇಡ.

ಸಮತಟ್ಟಾದ ಗಟ್ಟಿ ನೆಲ ಹುಡುಕಿ. ಕಣ, ಸಿಮೆಂಟ್ ರಸ್ತೆ, ಶಾಲೆಯ ಅಂಗಳ ಯಾವುದಾದರೂ ಆಗುತ್ತದೆ. ನೆಲಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆಯಿರಿ. ಟಯರಿನ ಗುರುತು ಸರಿಯಾಗಿ ಆ ಗೆರೆಯ ಮೇಲೆ ಕೂರುವಂತೆ ಸೈಕಲ್ ನಿಲ್ಲಿಸಿ. ನೆಟ್ಟಗೆ ತಳ್ಳುತ್ತಾ ಹೋಗಿ. ಗುರುತು ಮತ್ತೆ ನೆಲ ಮುಟ್ಟಿದಾಗ ಒಂದು. ಹೀಗೆ ಹತ್ತು ಎಣಿಸಿ, ಹತ್ತನೆಯದು ನೆಲ ಮುಟ್ಟಿದ ಜಾಗದಲ್ಲಿ ಇನ್ನೊಂದು ಗೆರೆ ಹಾಕಿ. ಎರಡೂ ಗೆರೆಗಳ ನಡುವಿನ ದೂರವನ್ನು ಟೇಪಿನಲ್ಲಿ ಅಳೆಯಿರಿ. 22 ಮೀಟರ್ 10 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಹತ್ತರಿಂದ ಭಾಗಿಸಿದರೆ ಒಂದು ಸುತ್ತಿಗೆ 2.21 ಮೀಟರ್, ಅಂದರೆ 7 ಅಡಿ 3 ಇಂಚು.

ಒಂದೇ ಸುತ್ತು ಅಳೆದರೆ ಸಾಲದಾ? ಸಾಲದು. ಗೆರೆ ಹಾಕುವಾಗ ಒಂದು ಸೆಂಟಿಮೀಟರ್ ತಪ್ಪಿತು ಅನ್ನಿ. ಒಂದೇ ಸುತ್ತು ಅಳೆದಿದ್ದರೆ ಆ ತಪ್ಪು ಪ್ರತಿ ಸುತ್ತಿಗೂ ಅಂಟಿಕೊಳ್ಳುತ್ತದೆ. ನೂರು ಸುತ್ತಿಗೆ ಒಂದು ಮೀಟರ್ ಆಗುತ್ತದೆ. ಹತ್ತು ಸುತ್ತು ಅಳೆದು ಭಾಗಿಸಿದರೆ ಅದೇ ತಪ್ಪು ಹತ್ತರಲ್ಲಿ ಹಂಚಿಹೋಗಿ ಸುತ್ತಿಗೆ ಒಂದು ಮಿಲಿಮೀಟರ್ ಉಳಿಯುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗಗಳು ಇವು.

ಮೊದಲನೆಯದು, ಹೊರಡುವ ಗೆರೆಯ ಮೇಲೆ ನಿಂತು 'ಒಂದು' ಅಂತ ಎಣಿಸುವುದು. ಹೊರಡುವಾಗ ಸೊನ್ನೆ. ಒಂದು ಸುತ್ತು ಮುಗಿದ ಮೇಲೆ ಒಂದು. ಹೊಲ ಅಳೆಯುವಾಗ ಇದನ್ನು ತಪ್ಪಿದರೆ ಏಳು ಅಡಿಗೂ ಮೇಲೆ ಸುಳ್ಳು ದೂರ ಸೇರುತ್ತದೆ.

ಎರಡನೆಯದು, ಟಯರು ಬಿಟ್ಟು ರಿಮ್ ಅಳೆಯುವುದು. ನೆಲದ ಮೇಲೆ ಉರುಳುವುದು ಟಯರು. ದೊಡ್ಡ ಸೈಕಲಿನಲ್ಲಿ ರಿಮ್ಮಿಗೂ ಟಯರಿನ ಹೊರ ಅಂಚಿಗೂ ವ್ಯಾಸದಲ್ಲಿ ಏಳು ಸೆಂಟಿಮೀಟರಿನಷ್ಟು ಅಂತರ ಇರುತ್ತದೆ. ಅದನ್ನು 22/7ರಿಂದ ಗುಣಿಸಿ. ಸುತ್ತಿಗೆ 22 ಸೆಂಟಿಮೀಟರ್! ಅರವತ್ತು ಸುತ್ತಿಗೆ 13 ಮೀಟರಿಗೂ ಜಾಸ್ತಿ, ಅಂದರೆ ಎರಡು ಪೈಪು.

ಮೂರನೆಯದು, ಒಂದು ರೀತಿ ಗೊತ್ತುಮಾಡಿಕೊಂಡು ಇನ್ನೊಂದು ರೀತಿ ಅಳೆಯುವುದು. ಸೈಕಲ್ ಮೇಲೆ ಆಳು ಕೂತರೆ ಟಯರು ಕೆಳಗೆ ಅಮುಕುತ್ತದೆ, ಸುತ್ತಿನ ದೂರ ಸ್ವಲ್ಪ ಕಮ್ಮಿ ಆಗುತ್ತದೆ. ಹೊಲದಲ್ಲಿ ಕೈಯಲ್ಲಿ ತಳ್ಳುವುದಾದರೆ ಇಲ್ಲೂ ತಳ್ಳಿ. ಕೂತು ಹೋಗುವುದಾದರೆ ಇಲ್ಲೂ ಕೂತು ಹೋಗಿ. ನನ್ನ ಸಲಹೆ ಕೇಳಿದರೆ, ತಳ್ಳಿಕೊಂಡೇ ಹೋಗಿ. ಎಣಿಕೆ ತಪ್ಪುವುದಿಲ್ಲ.

ಹಂತ 3: ಸೂತ್ರದಿಂದ ತಾಳೆ ನೋಡಿ

ದೊಡ್ಡ ಸೈಕಲಿನ ಟಯರಿನ ಮೇಲೆ 28 ಅಂತ ಶುರುವಾಗುವ ಅಂಕಿ ಇರುತ್ತದೆ. ಅದು ಗಾಲಿಯ ವ್ಯಾಸ, ಇಂಚಿನಲ್ಲಿ. 28ನ್ನು 22/7ರಿಂದ ಗುಣಿಸಿದರೆ ಸರಿಯಾಗಿ 88 ಇಂಚು, 7 ಅಡಿ 4 ಇಂಚು. ನಾವು ಉರುಳಿಸಿ ನೋಡಿದಾಗ ಬಂದದ್ದು 7 ಅಡಿ 3 ಇಂಚು. ಒಂದು ಇಂಚು ಎಲ್ಲಿ ಹೋಯಿತು? ಭಾರಕ್ಕೆ ಟಯರು ಅಮುಕಿದ್ದು, ಸವೆದದ್ದು, ಕಂಪನಿಯಿಂದ ಕಂಪನಿಗೆ ಟಯರಿನ ದಪ್ಪ ಬೇರೆ ಇರುವುದು ಎಲ್ಲ ಸೇರಿ ಹೀಗೆ. ಟಯರಿನ ಮೇಲೆ ಬರೆದದ್ದು ಹೆಸರಿದ್ದ ಹಾಗೆ. ನಂಬಬೇಕಾದದ್ದು ಉರುಳಿಸಿ ನೋಡಿದ ಅಳತೆಯನ್ನು. ಸೂತ್ರದ ಕೆಲಸ, ನೀವು ದೊಡ್ಡ ತಪ್ಪು ಮಾಡಿಲ್ಲ ಅಂತ ಖಾತ್ರಿಪಡಿಸುವುದು. ಎರಡೂ ಹತ್ತಿರ ಹತ್ತಿರ ಇದ್ದರೆ ಸರಿ. ಅರ್ಧ ಅಡಿ ವ್ಯತ್ಯಾಸ ಬಂದರೆ ಎಲ್ಲೋ ಎಡವಿದ್ದೀರಿ, ಮತ್ತೆ ಉರುಳಿಸಿ.

ಟಯರಿನ ಅಂಕಿ ಅಳಿಸಿಹೋಗಿದ್ದರೆ ಇನ್ನೊಂದು ದಾರಿ ಇದೆ. ಗಾಲಿಯ ಅಚ್ಚಿನ ನಡುವಿನಿಂದ ನೆಲಕ್ಕೆ ನೆಟ್ಟಗೆ ಎಷ್ಟಿದೆ ನೋಡಿ. 35.2 ಸೆಂಟಿಮೀಟರ್ ಇದ್ದರೆ ಅದರ ಎರಡರಷ್ಟು 70.4. ಇದನ್ನು 3.14ರಿಂದ ಗುಣಿಸಿದರೆ 221 ಸೆಂಟಿಮೀಟರ್. ತ್ರಿಜ್ಯವನ್ನು ಎರಡರಷ್ಟು ಮಾಡುವುದನ್ನು ಮರೆತರೆ ಉತ್ತರ ಅರ್ಧಕ್ಕೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದೂ ಇಲ್ಲೇ.

88 ಇಂಚಿನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ನಮ್ಮ ಗುಂಟೆಯ ಒಂದು ಬದಿ 33 ಅಡಿ, ಅಂದರೆ 396 ಇಂಚು. 88ರಿಂದ ಭಾಗಿಸಿ ನೋಡಿ. ಸರಿಯಾಗಿ ನಾಲ್ಕೂವರೆ! 28 ಇಂಚಿನ ಗಾಲಿ ನಾಲ್ಕೂವರೆ ಸುತ್ತು ಉರುಳಿದರೆ ಒಂದು ಗುಂಟೆಯ ಬದಿ. ಹೊಲದಲ್ಲಿ ನಿಂತು ಅಂದಾಜು ಹಾಕಲು ಇದಕ್ಕಿಂತ ಸುಲಭದ ಲೆಕ್ಕ ನನಗೆ ಗೊತ್ತಿಲ್ಲ.

ಹಂತ 4: ಹೊಲದಲ್ಲಿ ಅಳೆಯಿರಿ

ಹೊರಡುವ ಜಾಗದಲ್ಲಿ ಒಂದು ಗೂಟ, ಮುಟ್ಟುವ ಜಾಗದಲ್ಲಿ ಒಂದು ಗೂಟ. ದೂರ ಜಾಸ್ತಿ ಇದ್ದರೆ ನಡುವೆ ಇನ್ನೊಂದೆರಡು ನೆಟ್ಟು ಒಂದರ ಹಿಂದೆ ಒಂದು ಮರೆಯಾಗುವಂತೆ ಸಾಲು ಮಾಡಿ. ಆ ಸಾಲಿನಲ್ಲೇ ನೆಟ್ಟಗೆ ಹೋಗಿ. ಹ್ಯಾಂಡಲ್ ಅತ್ತಿತ್ತ ಆಡಿದರೆ ಮುಂದಿನ ಗಾಲಿ ಹಾವಿನ ಹಾಗೆ ಹರಿದು ಜಾಸ್ತಿ ದೂರ ತೋರಿಸುತ್ತದೆ.

ಒಬ್ಬರು ತಳ್ಳಲಿ, ಇನ್ನೊಬ್ಬರು ಎಣಿಸಲಿ. ಪ್ರತಿ ಹತ್ತು ಸುತ್ತಿಗೆ ಒಂದು ಹುಣಸೆ ಬೀಜ ಎಡ ಜೇಬಿನಿಂದ ಬಲ ಜೇಬಿಗೆ ಹೋಗಬೇಕು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೂ ಬೀಜ ಮರೆಯುವುದಿಲ್ಲ. ಬ್ರೇಕ್ ಹಿಡಿಯಬೇಡಿ, ಗಾಲಿ ತಿರುಗದೆ ಜಾರಿದಷ್ಟು ದೂರ ಲೆಕ್ಕಕ್ಕೆ ಸಿಗುವುದಿಲ್ಲ.

ಕೊನೆಯ ಸುತ್ತು ಪೂರ್ತಿ ಆಗುವುದು ಅಪರೂಪ. ಈಗ ಕಡ್ಡಿಗಳು ಕೆಲಸಕ್ಕೆ ಬರುತ್ತವೆ. ಗೂಟ ಮುಟ್ಟಿದಾಗ ಗಾಲಿ ನಿಲ್ಲಿಸಿ. ಬಟ್ಟೆ ಕಟ್ಟಿದ ಕಡ್ಡಿ ನೆಲ ಬಿಟ್ಟು ಎದ್ದ ಮೇಲೆ ಎಷ್ಟು ಕಡ್ಡಿಗಳು ಕೆಳಗೆ ಹಾದುಹೋಗಿವೆ ಅಂತ ರಿಮ್ಮಿನ ಅಂಚಿನಲ್ಲಿ ಎಣಿಸಿ. 32 ಕಡ್ಡಿಯ ಗಾಲಿಯಲ್ಲಿ 2.21 ಮೀಟರನ್ನು 32ರಿಂದ ಭಾಗಿಸಿದರೆ ಒಂದು ಕಡ್ಡಿಗೆ ಸುಮಾರು 7 ಸೆಂಟಿಮೀಟರ್. ಎಂಟು ಕಡ್ಡಿ ಅಂದರೆ ಕಾಲು ಸುತ್ತು.

ವಾಪಸ್ ಬರುವಾಗಲೂ ಎಣಿಸಿ. ಹೋಗುವಾಗ 63 ಸುತ್ತು 12 ಕಡ್ಡಿ, ಬರುವಾಗ 62 ಸುತ್ತು 30 ಕಡ್ಡಿ ಬಂದರೆ ಚಿಂತೆ ಇಲ್ಲ, ವ್ಯತ್ಯಾಸ ಒಂದು ಮೀಟರಿನಷ್ಟು. ಎರಡು ಸುತ್ತಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಎಣಿಕೆ ತಪ್ಪಿದೆ, ಮೂರನೇ ಸಲ ಹೋಗಲೇಬೇಕು.

ಮಣ್ಣಿನ ಬಗ್ಗೆ ಒಂದು ಎಚ್ಚರಿಕೆ. ಎರೆ ಹೊಲದಲ್ಲಿ ಮಳೆ ಬಿದ್ದ ಮಾರನೇ ದಿನ ಈ ಕೆಲಸಕ್ಕೆ ಇಳಿಯಬೇಡಿ. ಆ ಮಣ್ಣು ಟಯರಿಗೆ ರೊಟ್ಟಿಯ ಹಾಗೆ ಮೆತ್ತಿಕೊಳ್ಳುತ್ತದೆ. ಒಂದು ಸೆಂಟಿಮೀಟರ್ ದಪ್ಪ ಮೆತ್ತಿದರೆ ವ್ಯಾಸ ಎರಡು ಸೆಂಟಿಮೀಟರ್ ಬೆಳೆಯುತ್ತದೆ, ಸುತ್ತಳತೆ ಆರು ಸೆಂಟಿಮೀಟರಿಗೂ ಜಾಸ್ತಿ. ನೂರು ಸುತ್ತಿಗೆ ಆರು ಮೀಟರ್ ಲೆಕ್ಕದಿಂದ ಜಾರಿಹೋಗುತ್ತದೆ. ಉತ್ತ ಹೊಲದಲ್ಲಿ ಸಾಲುಗಳಿಗೆ ಅಡ್ಡಲಾಗಿ ಹೋದರೆ ಗಾಲಿ ಹತ್ತಿ ಇಳಿದು ದೂರ ಜಾಸ್ತಿ ತೋರಿಸುತ್ತದೆ. ಬದುವಿನ ಮೇಲೆ ಅಥವಾ ಕಾಲುದಾರಿಯಲ್ಲಿ ಹೋಗುವುದು ವಾಸಿ.

ಹಂತ 5: ದೂರವನ್ನು ಪೈಪಿಗೆ ಇಳಿಸಿ

63 ಸುತ್ತನ್ನು 2.21ರಿಂದ ಗುಣಿಸಿದರೆ 139.23 ಮೀಟರ್. 12 ಕಡ್ಡಿಗೆ 83 ಸೆಂಟಿಮೀಟರ್ ಸೇರಿಸಿ. ಒಟ್ಟು 140 ಮೀಟರ್, ಅಂದರೆ ಸುಮಾರು 460 ಅಡಿ. ಸಾಮಾನು ಕೊಳ್ಳುವಾಗ ಎರಡು ಅಳತೆಯಲ್ಲಿ ದೊಡ್ಡದನ್ನೇ ಹಿಡಿಯಿರಿ.

ಇಲ್ಲಿ ಜನ ಬೀಳುವ ಗುಂಡಿ ಇದೆ. '20 ಅಡಿ ಪೈಪು' ಅಂತ ಬಾಯಲ್ಲಿ ಹೇಳುತ್ತೇವೆ. 460ನ್ನು 20ರಿಂದ ಭಾಗಿಸಿ 23 ಪೈಪು ಅನ್ನುತ್ತಾರೆ. ಆದರೆ ಪೈಪಿನ ಉದ್ದ 6 ಮೀಟರ್, ಅಂದರೆ 19 ಅಡಿ 8 ಇಂಚು. 23 ಪೈಪಿಗೆ 138 ಮೀಟರ್ ಮಾತ್ರ. ಅದರ ಮೇಲೆ, ಒಂದರ ಬಾಯಿಗೆ ಇನ್ನೊಂದನ್ನು ಕೂರಿಸುವಾಗ ಕೆಲವು ಇಂಚು ಒಳಗೆ ಹೋಗುತ್ತದೆ. ಕೂಡಿಸುವಲ್ಲಿ 10 ಸೆಂಟಿಮೀಟರ್ ಹೋದರೂ 22 ಜೋಡಣೆಗೆ ಎರಡು ಮೀಟರಿಗೂ ಜಾಸ್ತಿ. ನಿಮಗೆ ನಾಲ್ಕು ಮೀಟರ್ ಕಮ್ಮಿ ಬಿತ್ತು. 24 ಪೈಪು ಬೇಕೇ ಬೇಕು. ಬೋರಿನ ಬಾಯಿಯಿಂದ ನೆಲಕ್ಕೆ ಇಳಿಯುವುದು, ವಾಲ್ವ್ ಕಡೆ ಏಳುವುದು ಎಲ್ಲ ಸೇರಿದರೆ 25 ತಗೊಳ್ಳಿ ಅನ್ನುತ್ತೇನೆ.

ಏರು ತಗ್ಗು ಇದ್ದರೆ? ಚಿತ್ರದುರ್ಗದ ಕಡೆ ಗುಡ್ಡದ ಬುಡದ ಹೊಲದವರು ಇದನ್ನು ಕೇಳುತ್ತಾರೆ. ಪೈಪು, ತಂತಿ ಎರಡೂ ನೆಲ ಹಿಡಿದೇ ಹೋಗುವುದರಿಂದ ಗಾಲಿ ತೋರಿಸಿದ ದೂರವೇ ಸರಿ. ಜಮೀನಿನ ವಿಸ್ತೀರ್ಣಕ್ಕೆ ಮಾತ್ರ ಇದು ಆಗುವುದಿಲ್ಲ. ವಿಸ್ತೀರ್ಣವನ್ನು ಸಮತಟ್ಟು ದೂರದಲ್ಲಿ ಲೆಕ್ಕ ಹಾಕುತ್ತಾರೆ. ಇಳಿಜಾರಿನಲ್ಲಿ 100 ಮೀಟರ್ ಉರುಳುವಷ್ಟರಲ್ಲಿ 20 ಮೀಟರ್ ಎತ್ತರ ಏರಿದ್ದರೆ ಸಮತಟ್ಟು ದೂರ 98 ಮೀಟರ್.

ಹಂತ 6: ಬೇಲಿ ಹಾಕುವವರಿಗೆ

ನಾಲ್ಕೂ ಬದಿ ಬೇರೆ ಬೇರೆ ಅಳೆದು ಬರೆದುಕೊಳ್ಳಿ. ಮೂಲೆಯಲ್ಲಿ ಸೈಕಲ್ ತಿರುಗಿಸುತ್ತಾ ಎಣಿಕೆ ಮುಂದುವರಿಸಬೇಡಿ, ನಿಲ್ಲಿಸಿ ಮತ್ತೆ ಸೊನ್ನೆಯಿಂದ ಶುರು ಮಾಡಿ.

"ಒಂದೆಕರೆಗೆ ಎಷ್ಟು ತಂತಿ?" ಅಂತ ಕೇಳುತ್ತಾರೆ. ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಎಕರೆ ಅಂದರೆ 40 ಗುಂಟೆ. ಗುಂಟೆಗಳು 4 ಸಾಲು, ಸಾಲಿಗೆ 10 ಇದ್ದರೆ ಸುತ್ತ 924 ಅಡಿ. ಅದೇ ಎಕರೆ 2 ಸಾಲು, ಸಾಲಿಗೆ 20 ಅಂತ ಉದ್ದ ಪಟ್ಟಿ ಆಗಿದ್ದರೆ 1,452 ಅಡಿ! ಜಮೀನು ಅಷ್ಟೇ, ಬೇಲಿ ಒಂದೂವರೆ ಪಟ್ಟು. ಅಣ್ಣತಮ್ಮಂದಿರು ಉದ್ದುದ್ದಕ್ಕೆ ಪಾಲು ಮಾಡಿಕೊಂಡ ಹೊಲಗಳಲ್ಲಿ ಖರ್ಚು ಜಾಸ್ತಿ ಬರುವುದು ಇದಕ್ಕೇ. 924 ಅಡಿಗೆ 8 ಅಡಿಗೊಂದು ಕಂಬ ಅಂದರೆ 116 ಕಂಬ, ನಾಲ್ಕು ಎಳೆ ತಂತಿ ಅಂದರೆ 3,696 ಅಡಿ, ಗಂಟು ಕಟ್ಟುವುದಕ್ಕೆ ಸ್ವಲ್ಪ ಮೇಲೆ. ಸುತ್ತ ಬಂದು ಕೂಡುವ ಬೇಲಿಯಲ್ಲಿ ಎಷ್ಟು ಸಂದು ಇವೆಯೋ ಅಷ್ಟೇ ಕಂಬ. ಒಂದೇ ಸಾಲಿನ ಬೇಲಿಯಾದರೆ ಸಂದಿಗಿಂತ ಒಂದು ಕಂಬ ಜಾಸ್ತಿ.

ಇದನ್ನು ಒತ್ತಿ ಹೇಳಬೇಕು: ಗಾಲಿಯಿಂದ ಅಳೆದು ಪಕ್ಕದವರ ಜೊತೆ ಬದುವಿನ ಜಗಳಕ್ಕೆ ಹೋಗಬೇಡಿ. ಬದಿಯ ಅಳತೆಯಲ್ಲಿ ನೂರಕ್ಕೆ ಒಂದು ತಪ್ಪಿದರೆ ವಿಸ್ತೀರ್ಣದಲ್ಲಿ ನೂರಕ್ಕೆ ಎರಡು ತಪ್ಪುತ್ತದೆ. ಎಕರೆಗೆ ಮುಕ್ಕಾಲು ಗುಂಟೆಗೂ ಜಾಸ್ತಿ! ಗಡಿ ಗೊತ್ತಾಗಬೇಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆಯಲಿ.

ಬೈಕ್, ಟ್ರ್ಯಾಕ್ಟರ್ ಇದ್ದವರಿಗೆ

ಟ್ರ್ಯಾಕ್ಟರಿನಲ್ಲಿ ಅಳೆಯುವುದಾದರೆ ಮುಂದಿನ ಸಣ್ಣ ಗಾಲಿ ಎಣಿಸಿ. ಹಿಂದಿನದು ಎಳೆಯುವಾಗ ಜಾರುತ್ತದೆ.

ಬೈಕಿನ ಮೀಟರು ಪೈಪಿನ ಲೆಕ್ಕಕ್ಕೆ ಬರುವುದಿಲ್ಲ. ಅದು ತೋರಿಸುವ ಸಣ್ಣ ಅಳತೆಯೇ ಸಾಮಾನ್ಯವಾಗಿ 100 ಮೀಟರ್. ಆದರೆ ಅದೂ ಗಾಲಿಯ ಸುತ್ತು ಎಣಿಸಿಯೇ ಕಿಲೋಮೀಟರ್ ಹೇಳುವುದು. ಸ್ಕೂಟರ್ ಟಯರಿನ ಮೇಲೆ 90/100-10 ಅಂತ ಇದ್ದರೆ, ಅಗಲ 90 ಮಿಲಿಮೀಟರ್, ಎತ್ತರ ಆ ಅಗಲದ ನೂರಕ್ಕೆ ನೂರು, ರಿಮ್ 10 ಇಂಚು ಅಂತ ಅರ್ಥ. ರಿಮ್ 254 ಮಿಲಿಮೀಟರ್, ಮೇಲೆ ಕೆಳಗೆ ತಲಾ 90 ಸೇರಿ ವ್ಯಾಸ 434. ಸುತ್ತಳತೆ 1,364 ಮಿಲಿಮೀಟರ್. ಕಿಲೋಮೀಟರಿಗೆ 733 ಸುತ್ತು. ಟಯರು ಸವೆದು 5 ಮಿಲಿಮೀಟರ್ ಇಳಿದರೆ ಅದೇ ಕಿಲೋಮೀಟರಿಗೆ 750 ಸುತ್ತು ಬೇಕು. ಮೀಟರಿಗೆ ಟಯರು ಸವೆದದ್ದು ಗೊತ್ತಾಗುವುದಿಲ್ಲ. ಜಾಸ್ತಿ ಸುತ್ತಿಗೆ ಜಾಸ್ತಿ ದೂರ ಬರೆದುಕೊಳ್ಳುತ್ತದೆ.

ನಿಮ್ಮ ಮೀಟರು ಎಷ್ಟು ಸರಿ ಅಂತ ನೋಡಬೇಕಾದರೆ ದಾವಣಗೆರೆಯಿಂದ ಚಿತ್ರದುರ್ಗದ ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳನ್ನು ಹಿಡಿದುಕೊಂಡು 10 ಕಿಲೋಮೀಟರ್ ಹೋಗಿ. ಕಲ್ಲು, ಮೀಟರು ಎರಡನ್ನೂ ಹಿಂದೆ ಕೂತವರು ಓದಿ ಬರೆದುಕೊಳ್ಳಲಿ. ಓಡಿಸುವವರ ಕಣ್ಣು ರಸ್ತೆ ಮೇಲೇ ಇರಲಿ, ನಡುವೆ ಗಾಡಿ ನಿಲ್ಲಿಸುವುದು ಬೇಡ. ಮೀಟರು 10.3 ತೋರಿಸಿದರೆ 10ನ್ನು 10.3ರಿಂದ ಭಾಗಿಸಿ. 0.97 ಬರುತ್ತದೆ. ಟಯರು ಬದಲಾಯಿಸುವವರೆಗೆ ಮೀಟರು ಹೇಳಿದ ಯಾವ ದೂರವನ್ನಾದರೂ 0.97ರಿಂದ ಗುಣಿಸಿಕೊಳ್ಳಿ. ಸೈಕಲಿನ 2.21 ಕೂಡ ಅಷ್ಟೇ. ಮಡ್‌ಗಾರ್ಡಿನ ಒಳಬದಿಗೆ ತಾರೀಕಿನ ಸಮೇತ ಪೇಂಟಿನಲ್ಲಿ ಬರೆದಿಡಿ. ಹೊಸ ಟಯರು ಹಾಕಿಸಿದ ದಿನ ಮತ್ತೆ ಹತ್ತು ಸುತ್ತು ಉರುಳಿಸಿ, ಹಳೇ ಅಂಕಿ ಅಳಿಸಿ ಹೊಸದನ್ನು ಬರೆಯಿರಿ.